ಗಾಣದ ಸದ್ದಿನಲ್ಲಿ ಉಳಿದ ಪಲ್ಲವಿ

ನಾನು ಬರೆದ ಹಾಡನ್ನು ಆಲೆಮನೆಯಲ್ಲಿ ಪರೀಕ್ಷಿಸುತ್ತೇನೆ ಎಂದಾಗ ಮೈಸೂರಿನ ಗೆಳೆಯರು ಒಂದೇ ಮಾತು ಹೇಳಿದ್ದರು: ಅಲ್ಲಿ ಬೆಲ್ಲ ಆಗುತ್ತದೆ, ಹಾಡು ಆಗುವುದಿಲ್ಲ. ಕಳೆದ ಗಣೇಶನ ಹಬ್ಬದಲ್ಲಿ ಮಂಡ್ಯದ ಸುತ್ತಮುತ್ತ ಆರೇಳು ಆರ್ಕೆಸ್ಟ್ರಾಗಳು ಹಾಗೆ ಪರೀಕ್ಷಿಸಿದ ನನ್ನ ಹಾಡೊಂದನ್ನು ಎತ್ತಿಕೊಂಡವು. ಗಾಯಕ ಬಾಯಿ ತೆರೆಯುವ ಮೊದಲೇ ಜನ ಎರಡನೆಯ ಸಾಲು ಹಾಡಿದ್ದನ್ನು ಪೆಂಡಾಲಿನ ಹಿಂದೆ ನಿಂತು ಕೇಳಿದ್ದೇನೆ. ಆದ್ದರಿಂದ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ.

ಟ್ಯೂನಿಗೆ ಮಾತು ಕೂರಿಸುವುದು ಹೇಗೆಂದು ಹಾಡು ಬರೆಯುವ ನಿಮಗೆ ಹೇಳಿಕೊಡಬೇಕಾಗಿಲ್ಲ. ನನ್ನ ತೊಂದರೆ ಬೇರೆ ಇತ್ತು. 2009ರಿಂದ ಸುಮಾರು ನಲವತ್ತು ಹಾಡು ಬರೆದಿದ್ದೆ. ಮಾತ್ರೆ ಎಲ್ಲೂ ತಪ್ಪಿರಲಿಲ್ಲ, ಪ್ರಾಸ ಕೂತಿತ್ತು, ಓದಿದವರು ಮೆಚ್ಚುತ್ತಿದ್ದರು. ಹಾಡಿದಾಗ ಮಾತ್ರ ಯಾರಿಗೂ ಒಂದು ಸಾಲೂ ನೆನಪಿನಲ್ಲಿ ಉಳಿಯುತ್ತಿರಲಿಲ್ಲ. ಮೊದಲ ಹಾಡಿಗೆ ಮೂರು ಸಾವಿರ ಎಂದು ಮಾತಾಗಿ ಕೈಗೆ ಬಂದದ್ದು ಒಂದು ಸಾವಿರ. ಒಬ್ಬ ನಿರ್ಮಾಪಕರ ಚೆಕ್ ಎರಡು ಸಲ ವಾಪಸಾಯಿತು. ಒಂದು ವರ್ಷವಂತೂ ಹಾಡಿನ ಕೆಲಸಕ್ಕೆಂದು ಬೆಂಗಳೂರಿಗೆ ಓಡಾಡಿದ ಬಸ್ ಖರ್ಚು ಆ ಹಾಡುಗಳಿಂದ ಬಂದ ಹಣಕ್ಕಿಂತ ಹೆಚ್ಚಾಗಿತ್ತು. ಮನೆಯವರು ಆ ಲೆಕ್ಕವನ್ನು ಕ್ಯಾಲೆಂಡರಿನ ಹಿಂದೆ ಬರೆದಿಟ್ಟಿದ್ದರು.

ಆಲೆಮನೆಗೆ ಹೋದದ್ದು ಬೆಲ್ಲ ತರಲು. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಹೊಸದಾಗಿ ಬಂದಿದ್ದ ಟ್ಯೂನಿನ ಮೇಲೆ ನನ್ನ ಸಾಲನ್ನು ಹಾಡಿಕೊಳ್ಳುತ್ತಿದ್ದೆ. ಗಾಣದ ಮೋಟರ್ ಸದ್ದಿನಲ್ಲಿ ನನ್ನ ಸಾಲು ನನಗೇ ಕೇಳಿಸಲಿಲ್ಲ. ಆದರೆ ಕೊಪ್ಪರಿಗೆಯ ಆಚೆ ಪಾಕ ತಿರುವುತ್ತಿದ್ದವರು ಯಾರನ್ನೋ ‘ಬಾರೋ’ ಎಂದು ಕೂಗಿದ್ದು ಸ್ಪಷ್ಟವಾಗಿ ಕೇಳಿಸಿತು. ನನ್ನ ಸಾಲು ‘ನಿನ್ನಯ ನೆನಪು ಕಾಡಿರಲು’. ಟ್ಯೂನಿನಲ್ಲಿ ಅತಿ ಮೇಲಿನ, ಅತಿ ಉದ್ದದ ಸ್ವರ ಬರುವುದೇ ಆ ಕೊನೆಯ ‘ಲು’ ಮೇಲೆ. ಉಕಾರಕ್ಕೆ ತುಟಿ ಕಿರಿದಾಗುತ್ತದೆ, ಧ್ವನಿ ಒಳಗೇ ಉಳಿಯುತ್ತದೆ. ಕನ್ನಡದಲ್ಲಿ ಪದಗಳು ಹೆಚ್ಚಾಗಿ ಸ್ವರಾಕ್ಷರದಲ್ಲಿ ಮುಗಿಯುವುದು ಹಾಡಿಗೆ ದೊಡ್ಡ ವರವೇ ಸರಿ. ಆದರೆ ‘ಅನ್ನು’, ‘ಇಂದು’, ‘ಇರಲು’ ಎಂದು ಬರೆಯುತ್ತಾ ಹೋದರೆ ಸಾಲುಗಳೆಲ್ಲ ಉಕಾರಕ್ಕೆ ಬಂದು ಮುಚ್ಚಿಕೊಳ್ಳುತ್ತವೆ. ಹಳೆಯ ಕಡತ ತೆಗೆದು ಎಣಿಸಿದೆ. ನನ್ನ ಪಲ್ಲವಿಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಹೀಗೆಯೇ ಮುಗಿದಿದ್ದವು.

ಅಂದಿನಿಂದ ಕ್ರಮ ಬದಲಾಯಿಸಿದೆ. ಮೊದಲು ಪದ ಬರೆಯುವುದಿಲ್ಲ. ಟ್ಯೂನ್ ಎಲ್ಲಿ ಏರುತ್ತದೆಯೋ ಅಲ್ಲಿ ಆ, ಓ, ಏ ಗುರುತು ಹಾಕಿಕೊಳ್ಳುತ್ತೇನೆ, ಆಮೇಲೆ ಆ ಗುರುತಿಗೆ ತಕ್ಕ ಪದ ಹುಡುಕುತ್ತೇನೆ. ಆ ಟ್ಯೂನಿಗೆ ಹದಿನಾರು ದಿನ ಹಿಡಿಯಿತು. ಬೇಸಿಗೆಯ ದಿನಗಳು; ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸುವ ಕಟ್ಟು ಪದ್ಧತಿಯಲ್ಲಿ ವಿಶ್ವೇಶ್ವರಯ್ಯ ನಾಲೆಗೆ ಆಗಷ್ಟೇ ನೀರು ಬಿಟ್ಟಿದ್ದರು. ಸಾಲು ಹೀಗೆ ಬಂತು:

ನಾಲೆಗೆ ನೀರು ಬಂತಲ್ಲಾ
ಓಲೆಯು ಮಾತ್ರ ಬರಲಿಲ್ಲಾ

ಎರಡೂ ಸಾಲಿಗೆ 13 ಮಾತ್ರೆ, ಎರಡನೆಯ ಅಕ್ಷರದಲ್ಲಿ ‘ಲ’ಕಾರದ ಆದಿಪ್ರಾಸ, ಮೇಲಿನ ಸ್ವರಕ್ಕೆ ಬಾಯಿ ತುಂಬುವ ‘ಲಾ’. ಗಾಣದ ಪಕ್ಕ ನಿಂತು ಹಾಡಿದೆ. ಒಲೆಗೆ ಕಬ್ಬಿನ ಸಿಪ್ಪೆ ನೂಕುತ್ತಿದ್ದ ಅಜ್ಜ ತಲೆ ಎತ್ತಿ, “ಒಲೆ ಏಕಪ್ಪ ಬರಬೇಕು? ಇಲ್ಲೇ ಉರಿಯುತ್ತಿದೆಯಲ್ಲ” ಎಂದರು. ಅವರ ಕಿವಿಯಲ್ಲಿ ತಪ್ಪಿರಲಿಲ್ಲ. ಎರಡನೆಯ ಸಾಲಿನ ಮೊದಲ ಸ್ವರವನ್ನು ಸಂಯೋಜಕರು ಗಿಡ್ಡ ಮಾಡಿದ್ದರಿಂದ ದೀರ್ಘ ‘ಓ’ ಹ್ರಸ್ವವಾಗಿ ಓಲೆ ಒಲೆಯಾಗಿತ್ತು. ಅಂದು ರಾತ್ರಿಯೇ ಫೋನ್ ಮಾಡಿ ಆ ಸ್ವರವನ್ನು ಎಳೆಯಬೇಕೆಂದು ಕೇಳಿದೆ. “ಒಂದು ಅಕ್ಷರಕ್ಕಾಗಿ ಟ್ಯೂನ್ ಮುಟ್ಟುವುದಿಲ್ಲ ಸಾರ್” ಎಂದರು. ಮೂರು ದಿನ ಮಾತು ಬಿಟ್ಟರು. ನಾಲ್ಕನೆಯ ದಿನ ತಾವೇ ಎಳೆದು ಹಾಡಿ ಕಳಿಸಿದರು.

ನನ್ನ ಕೊನೆಯ ಪರೀಕ್ಷೆ ಇಷ್ಟೇ: ಮರುದಿನ ಆಲೆಮನೆಗೆ ಹೋಗಿ ಸುಮ್ಮನೆ ಕುಳಿತುಕೊಳ್ಳುವುದು. ನಾನು ಹಾಡದೆ ಅಲ್ಲಿ ಕೆಲಸ ಮಾಡುವವರಲ್ಲಿ ಯಾರಾದರೂ ಗುನುಗಿದರೆ ಸಾಲು ಉಳಿಯುತ್ತದೆ, ಇಲ್ಲದಿದ್ದರೆ ಹರಿದು ಹಾಕುತ್ತೇನೆ. ಈ ಹಾಡಿನ ಪಲ್ಲವಿಯನ್ನು ಅಜ್ಜನೇ ಗುನುಗಿದರು. ಚರಣದ ಮೂರನೆಯ ಸಾಲಿಗೆ ಬೇರೊಂದು ಉಪಾಯ ಮಾಡುತ್ತೇನೆ. ಅದನ್ನು ಕಂಡುಕೊಳ್ಳಲು ಐದು ವರ್ಷ ಹಿಡಿದಿದೆ, ಆದ್ದರಿಂದ ಇಲ್ಲಿ ಬರೆಯುವುದಿಲ್ಲ.

ನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ಒಂದು ವರ್ಷ ಹೃದಯ, ಕನಸು, ಮನಸು, ನೆನಪು ಈ ನಾಲ್ಕು ಪದಗಳನ್ನು ಮುಟ್ಟಬಾರದೆಂದು ವ್ರತ ಹಿಡಿದೆ. ಆರು ಹಾಡಿನಲ್ಲಿ ಎರಡು ಚೆನ್ನಾಗಿ ಬಂದವು, ಉಳಿದವು ಒಣಗಿದ್ದವು. ಸುಗಮ ಸಂಗೀತದಲ್ಲಿ ಕವಿತೆ ಮೊದಲು, ರಾಗ ಆಮೇಲೆ. ನಮ್ಮ ಜಿಲ್ಲೆಯ ಕಿಕ್ಕೇರಿಯ ಕೆ.ಎಸ್. ನರಸಿಂಹಸ್ವಾಮಿಯವರ ಕವಿತೆಗಳನ್ನು ಮೈಸೂರು ಅನಂತಸ್ವಾಮಿಯವರು ಮನೆಮನೆಗೆ ತಲುಪಿಸಿದ್ದು ಹಾಗೆ. ನಾನೂ ಮಾತು ಮೊದಲು ಬರೆದು ಸಂಯೋಜಕರಿಗೆ ಕೊಟ್ಟು ನೋಡಿದೆ. ಅವರು ಸಾಲುಗಳನ್ನು ತಮ್ಮ ತಾಳಕ್ಕೆ ಕತ್ತರಿಸಿದಾಗ ಪದದ ಕೊನೆಯ ‘ಅಲ್ಲಿ’ ಪ್ರತ್ಯಯಗಳೆಲ್ಲ ‘ಲಿ’ ಆದವು, ಕ್ರಿಯಾಪದ ಹಾರಿಹೋಯಿತು. ಅಂಥ ಕವಿತೆ ಬರೆಯುವ ಶಕ್ತಿ ಇದ್ದವರಿಗೆ ಆ ದಾರಿ. ನನಗೆ ಟ್ಯೂನೇ ಆಧಾರ.

ಹಣದ ವಿಷಯ. ಈ ಹಾಡನ್ನು ನಾನು ಮತ್ತು ಸಂಯೋಜಕರು ಸೇರಿಯೇ ಹೊರತಂದೆವು. ಮೈಸೂರಿನ ಸ್ಟುಡಿಯೋ, ಗಾಯಕಿ, ಕೊಳಲು, ಮಿಕ್ಸಿಂಗ್, ನಾಲೆಯ ಏರಿಯ ಮೇಲೆ ಒಂದು ದಿನದ ಚಿತ್ರೀಕರಣ ಎಲ್ಲ ಸೇರಿ 38 ಸಾವಿರದ ಹತ್ತಿರ ಆಯಿತು. ಅದರಲ್ಲಿ ಇಪ್ಪತ್ತು ಸಾವಿರ ಕೈಸಾಲ. ಒಂದು ಆಡಿಯೋ ಸಂಸ್ಥೆಯವರು 25 ಸಾವಿರ ಕೊಡುತ್ತೇವೆ, ಎಲ್ಲ ಹಕ್ಕನ್ನೂ ಬರೆದುಕೊಡಿ ಎಂದರು. ಹಿಂದೆ ಅಂಥ ಕಾಗದಗಳಿಗೆ ಓದದೆ ಸಹಿ ಹಾಕಿದ್ದೇನೆ. ಈ ಸಲ ಓದಿದೆ. 2012ರಲ್ಲಿ ಕೃತಿಸ್ವಾಮ್ಯ ಕಾಯ್ದೆ ತಿದ್ದುಪಡಿಯಾದ ಮೇಲೆ, ಬರೆದವನು ತನ್ನ ಸಮಪಾಲಿನ ರಾಯಧನದ (ರಾಯಲ್ಟಿ) ಹಕ್ಕನ್ನು ವಾರಸುದಾರರಿಗೆ ಅಥವಾ ಕೃತಿಸ್ವಾಮ್ಯ ಸಂಘಕ್ಕೆ ಹೊರತು ಬೇರೆಯವರಿಗೆ ಬಿಟ್ಟುಕೊಡುವಂತಿಲ್ಲ. ಸಿನಿಮಾ ಹಾಡಾದರೆ ಚಿತ್ರಮಂದಿರದಲ್ಲಿ ಚಿತ್ರದ ಜೊತೆ ಕೇಳಿಸುವುದಕ್ಕಷ್ಟೇ ಇದು ಅನ್ವಯಿಸುವುದಿಲ್ಲ. ಇದನ್ನು ಅವರ ಮುಂದೆ ಓದಿ ಹೇಳಿದೆ. ಅವರು ಎದ್ದು ಹೋದರು. ಹಾಡು ನಮ್ಮಲ್ಲೇ ಉಳಿಯಿತು.

ಐಪಿಆರ್‌ಎಸ್ ಎಂಬ, ಹಾಡು ಬರೆಯುವವರ ಮತ್ತು ಸಂಯೋಜಕರ ಕೃತಿಸ್ವಾಮ್ಯ ಸಂಘದ ಸದಸ್ಯತ್ವ ಮೊದಲೇ ಪಡೆದಿದ್ದೆ, ಆದರೆ ಹಳೆಯ ಹಾಡುಗಳ ವಿವರವನ್ನು ದಾಖಲಿಸಿರಲಿಲ್ಲ. ಹಾಗೆ ಬಿಟ್ಟವರು ಇವತ್ತೇ ಕುಳಿತು ದಾಖಲಿಸಿ. ನನಗೆ ಮೊದಲು ಬಂದ ರಾಯಧನ ಎರಡು ಸಾವಿರದ ಚಿಲ್ಲರೆ. ಆಮೇಲೆ ಏರಿತು. ಕೈಸಾಲ ಹದಿನಾಲ್ಕು ತಿಂಗಳಲ್ಲಿ ತೀರಿತು. ಈಗ ಒಂದು ಹಾಡಿಗೆ ಮೊದಲಿನ ಐದು ಪಟ್ಟು ಕೇಳುತ್ತೇನೆ, ಕೊಡುತ್ತಾರೆ. ಅರ್ಧ ಮುಂಗಡ ಬಾರದೆ ಟ್ಯೂನ್ ಕೇಳುವುದೂ ಇಲ್ಲ.

ಸದ್ಯ ಒಂದು ಯುಗಳ ಗೀತೆಯ ಟ್ಯೂನ್ ಬಂದಿದೆ. ಹೆಣ್ಣುಧ್ವನಿ ಮೇಲಿನ ಷಡ್ಜದಲ್ಲಿ, ಅಂದರೆ ಮೇಲಿನ ‘ಸ’ ಸ್ವರದಲ್ಲಿ, ಆರು ಎಣಿಕೆ ನಿಲ್ಲಬೇಕು, ಅದೂ ಇಕಾರದ ಮೇಲೆಯೇ ನಿಲ್ಲಬೇಕು ಎಂಬುದು ಸಂಯೋಜಕರ ಹಠ. ಆ ಜಾಗಕ್ಕೆ ಹನ್ನೊಂದು ಪದ ಗಾಣದ ಹತ್ತಿರ ಹಾಡಿ ನೋಡಿದ್ದೇನೆ. ಅಜ್ಜನಿಗೆ ಇನ್ನೂ ಒಂದೂ ಕೇಳಿಸಿಲ್ಲ.