ಪಾಸ್ತಾದ ಗಂಜಿ ಬೇಕು, ಉಡೋನ್‌ನದು ಬೇಡ

ಸ್ಪಗೆಟ್ಟಿಯೂ ಗೋಧಿಯದೇ, ಜಪಾನಿನ ಉಡೋನ್ ನೂಡಲ್ಸೂ ಗೋಧಿಯದೇ. ಆದರೂ ಒಂದರ ಕ್ರಮದಲ್ಲಿ ಇನ್ನೊಂದನ್ನು ಬೇಯಿಸಿದರೆ ಕೆಡುತ್ತದೆ. ಕಾರಣ ಉಪ್ಪು ಮತ್ತು ಗಂಜಿ.

ಇಟಲಿಯ ಒಣ ಪಾಸ್ತಾ ಅಂದರೆ ಡ್ಯೂರಮ್ ಎಂಬ ಗಟ್ಟಿ ಗೋಧಿಯ ರವೆ ಮತ್ತು ನೀರು, ಅಷ್ಟೇ. 1967ರಿಂದ ಅಲ್ಲಿನ ಕಾನೂನೂ ಡ್ಯೂರಮ್ ಗೋಧಿಯನ್ನೇ ಕೇಳುತ್ತದೆ. ಹಿಟ್ಟಿನಲ್ಲಿ ಉಪ್ಪಿಲ್ಲ, ಹಾಗಾಗಿ ನೀರಿಗೆ ಹಾಕಬೇಕು: 100 ಗ್ರಾಂ ಪಾಸ್ತಾಕ್ಕೆ 1 ಲೀಟರ್ ನೀರು, 10 ಗ್ರಾಂ ಉಪ್ಪು. ಉಡೋನ್‌ಗೆ ಹಿಟ್ಟು ಕಲಸುವಾಗಲೇ ಉಪ್ಪು ಬಿದ್ದಿರುತ್ತದೆ. ಬೇಯುವಾಗ ಅದರ ಬಹುಪಾಲು ನೀರಿಗಿಳಿಯುತ್ತದೆ. ಆ ನೀರಿಗೆ ಮತ್ತೆ ಉಪ್ಪು ಹಾಕಲೇಬಾರದು.

ಇಬ್ಬರಿಗೆ ಆಲಿಯೊ ಎ ಓಲಿಯೊ (ಬೆಳ್ಳುಳ್ಳಿ-ಎಣ್ಣೆಯ ಸ್ಪಗೆಟ್ಟಿ) ಮಾಡುವುದಾದರೆ 200 ಗ್ರಾಂ ಸ್ಪಗೆಟ್ಟಿ ತೆಗೆದುಕೊಳ್ಳಿ. ನೀರು 2 ಲೀಟರಿನ ಬದಲು ಒಂದೂವರೆ ಲೀಟರ್ ಸಾಕು, ಉಪ್ಪು 12 ಗ್ರಾಂ. ಗಂಜಿ ದಪ್ಪವಾಗಿ ಸಿಗುತ್ತದೆ. ಪಕ್ಕದ ಬಾಣಲೆಯಲ್ಲಿ 4 ದೊಡ್ಡ ಚಮಚ ಆಲಿವ್ ಎಣ್ಣೆಗೆ 4 ಎಸಳು ಬೆಳ್ಳುಳ್ಳಿ ತೆಳ್ಳಗೆ ಹೆಚ್ಚಿ ಹಾಕಿ, ಸಣ್ಣ ಉರಿಯಲ್ಲಿಡಿ. ತಿಳಿ ಹೊಂಬಣ್ಣ ಬಂದ ಕೂಡಲೇ ಅರ್ಧ ಚಹಾ ಚಮಚ ಒಣಮೆಣಸಿನ ತರಿ ಹಾಕಿ ಉರಿ ಆರಿಸಿ. ಬೆಳ್ಳುಳ್ಳಿ ಕಂದಾದರೆ ಕಹಿ. ಪೊಟ್ಟಣದಲ್ಲಿ 10 ನಿಮಿಷ ಎಂದಿದ್ದರೆ 8ಕ್ಕೇ ಪಾಸ್ತಾ ಎತ್ತಿ ಬಾಣಲೆಗೆ ಹಾಕಿ, ಒಂದು ಸೌಟು ಗಂಜಿನೀರು ಸುರಿದು, ಉರಿ ಜೋರು ಮಾಡಿ ಎರಡು ನಿಮಿಷ ಬಿಡದೆ ತಿರುವಿ. ಗಂಜಿಯೇ ಎಣ್ಣೆ-ನೀರನ್ನು ಬೆಸೆದು ಮಂದವಾದ ಸಾಸ್ ಮಾಡುತ್ತದೆ. ತಟ್ಟೆಯ ತಳದಲ್ಲಿ ಎಣ್ಣೆ ನಿಂತಿದ್ದರೆ ಗಂಜಿ ಸಾಲಲಿಲ್ಲ ಅಥವಾ ತಿರುವಿದ್ದು ಸಾಲಲಿಲ್ಲ. ಪಾಸ್ತಾವನ್ನು ತಣ್ಣೀರಿನಲ್ಲಿ ತೊಳೆದರೆ ಸಾಸ್ ಹಿಡಿಯುವುದೇ ಇಲ್ಲ. ಬೇಯುವ ನೀರಿಗೆ ಎಣ್ಣೆ ಬಿಡುವ ರೂಢಿಯಂತೂ ಎಣ್ಣೆ ದಂಡ.

ಉಡೋನ್‌ಗೆ ಎಲ್ಲ ತಿರುಗಾಮುರುಗಾ. 200 ಗ್ರಾಂ ಒಣ ಉಡೋನ್‌ಗೆ ಕನಿಷ್ಠ 2 ಲೀಟರ್ ಕುದಿಯುವ ಸಪ್ಪೆ ನೀರು, 10ರಿಂದ 12 ನಿಮಿಷ. ಉಕ್ಕಿಬಂದರೆ ಉರಿ ತಗ್ಗಿಸಿ. ಒಂದು ಎಳೆ ಕತ್ತರಿಸಿ ನೋಡಿ, ನಡುವೆ ಬಿಳಿ ಚುಕ್ಕೆ ಇರಬಾರದು. ಬಸಿದು, ಹರಿಯುವ ತಣ್ಣೀರಿನಲ್ಲಿ ಎರಡೂ ಕೈಯಿಂದ ತಿಕ್ಕಿ ತೊಳೆಯಿರಿ. ಲೋಳೆ ಪೂರ್ತಿ ಹೋಗಬೇಕು. ಉಳಿದರೆ ಸಾರು ಕದಡುತ್ತದೆ, ಎಳೆಗಳು ಅಂಟಿಕೊಳ್ಳುತ್ತವೆ. ಬೇಸಿಗೆಯಲ್ಲಿ ನಲ್ಲಿ ನೀರೇ ಬೆಚ್ಚಗಿರುವ ಊರುಗಳಲ್ಲಿ ಕೊನೆಯ ಸಲ ಐಸ್ ನೀರಿನಲ್ಲಿ ಅದ್ದಿ, ಇಲ್ಲದಿದ್ದರೆ ಬಿಗಿ ಬರುವುದಿಲ್ಲ. ಬಿಸಿಯಾಗಿ ತಿನ್ನುವುದಾದರೂ ತೊಳೆಯಲೇಬೇಕು. ಆಮೇಲೆ ಅರ್ಧ ನಿಮಿಷ ಕುದಿನೀರಿನಲ್ಲಿ ಅದ್ದಿ ಬಟ್ಟಲಿಗೆ ಹಾಕಿ.

ಉಡೋನ್ ಸಾರಿಗೆ 800 ಮಿಲಿಲೀಟರ್ ದಾಶಿ (ಜಪಾನಿನ ತಿಳಿ ಕಟ್ಟು), ಸೋಯಾ ಸಾಸ್ ಮತ್ತು ಮಿರಿನ್ (ಅಡುಗೆಯ ಸಿಹಿ ಅಕ್ಕಿ ಮದ್ಯ) ತಲಾ 50 ಮಿಲಿಲೀಟರ್. ಮಾಮೂಲಿ ದಾಶಿಯಲ್ಲಿ ಒಣಮೀನಿನ ತೆಳು ಚಕ್ಕೆ ಇರುತ್ತದೆ. ಸಸ್ಯಾಹಾರಿಗಳು 1 ಲೀಟರ್ ನೀರಿನಲ್ಲಿ 10 ಗ್ರಾಂ ಕೊಂಬು ಎಂಬ ಕಡಲಪಾಚಿ, 15 ಗ್ರಾಂ ಒಣ ಶಿಟಾಕೆ ಅಣಬೆ ಹಾಕಿ ಫ್ರಿಜ್‌ನಲ್ಲಿ ರಾತ್ರಿಯಿಡೀ ನೆನೆಸಿ. ಕಾಯಿಸುವಾಗ ಕುದಿ ಬರುವ ಮೊದಲೇ ಕೊಂಬು ತೆಗೆಯಿರಿ, ಕುದಿದರೆ ಸಾರು ಲೋಳೆ. (ಇಟಲಿಯ ಅಡುಗೆಯಲ್ಲೂ ಎಚ್ಚರವಿರಲಿ: ಅಸಲಿ ಪಾರ್ಮಿಜಾನೊ ರೆಜ್ಜಾನೊ ಚೀಸ್‌ಗೆ ಹಾಲು ಒಡೆಸುವುದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್‌ನಿಂದ.)

ಬಕ್‌ವೀಟ್ ಎಂಬ ಕಾಳಿನ ಹಿಟ್ಟಿನ ಸೋಬಾ ನೂಡಲ್ಸನ್ನೂ ಉಡೋನ್‌ನಂತೆಯೇ ತೊಳೆಯಬೇಕು, ಆದರೆ ಅದರ ಗಂಜಿ ಚೆಲ್ಲಬೇಡಿ. ಬಕ್‌ವೀಟ್ ಘಮದ ಆ ನೀರನ್ನು, ಸೋಬಾ ಅದ್ದಿ ತಿಂದು ಉಳಿದ ಸಾಸ್‌ಗೆ ಬೆರೆಸಿ ಕುಡಿಯುತ್ತಾರೆ.

ಬಿಸಿ ರಾಮೆನ್ ನೂಡಲ್ಸ್ ಮಾತ್ರ ತೊಳೆಯುವುದಿಲ್ಲ, ನೀರು ಝಾಡಿಸಿ ನೇರ ಸಾರಿಗೆ. ಅದರ ಹಳದಿ ಬಣ್ಣ, ಪುಟಿಯುವ ಗುಣ ಕಾನ್ಸುಯಿ ಎಂಬ ಕ್ಷಾರದ್ದು. ರಾಮೆನ್ ಎಳೆ ಸಿಗದಿದ್ದರೆ 1 ಲೀಟರ್ ನೀರಿಗೆ 1 ದೊಡ್ಡ ಚಮಚ ಅಡುಗೆ ಸೋಡಾ ಹಾಕಿ ತೆಳು ಸ್ಪಗೆಟ್ಟಿ ಬೇಯಿಸಿ. ಸಾಕಷ್ಟು ಹತ್ತಿರ ಬರುತ್ತದೆ. ಸೋಡಾ ನೀರು ಭರ್ರನೆ ಉಕ್ಕುತ್ತದೆ, ಪಾತ್ರೆ ಅರ್ಧಕ್ಕಿಂತ ಹೆಚ್ಚು ತುಂಬಿಸಬೇಡಿ.