ಆರು ಸಾವಿರ ಪುಸ್ತಕಗಳ ಸೂಚಿ: ನನ್ನ ಅನುಭವ

ಕನ್ನಡ ಪುಸ್ತಕಗಳ ವಿವರ ಅಂತರ್ಜಾಲದಲ್ಲಿ ಸಿಗುವುದಿಲ್ಲ, ಎಲ್ಲವನ್ನೂ ಕೈಯಿಂದಲೇ ಬೆರಳಚ್ಚು ಮಾಡಬೇಕು ಎಂದು ಶಿರಸಿಯಲ್ಲಿಯೂ ಕಾರವಾರದಲ್ಲಿಯೂ ನನಗೆ ಹೇಳದವರಿಲ್ಲ. ಒಬ್ಬ ಗುತ್ತಿಗೆದಾರರು ಪುಸ್ತಕಕ್ಕೆ 12 ರೂಪಾಯಿಯಂತೆ ದರ ಹೇಳಿದ್ದರು; ನಮ್ಮ ಸಂಘದ ಸುಮಾರು 6,000 ಪುಸ್ತಕಗಳಿಗೆ ಅದು 72,000 ರೂಪಾಯಿಯಾಗುತ್ತಿತ್ತು. ಕಳೆದ ಮಳೆಗಾಲದಲ್ಲಿ ಒಂದು ಬಾರ್‌ಕೋಡ್ ಸ್ಕ್ಯಾನರ್ ಮತ್ತು ಗ್ರಂಥಾಲಯಗಳಿಗೆಂದೇ ಇರುವ ಕೋಹಾ ತಂತ್ರಾಂಶದ ನೆರವಿನಿಂದ ನಾನು ಆ ಕೆಲಸವನ್ನು ನಾಲ್ಕೂವರೆ ಸಾವಿರ ರೂಪಾಯಿಯೊಳಗೆ ಮುಗಿಸಿದೆ.

ಮೊದಲ 500 ಪುಸ್ತಕಗಳ ಐಎಸ್‌ಬಿಎನ್‌ಗಳನ್ನು (ಪುಸ್ತಕಗಳ ಮೇಲೆ ಅಚ್ಚಾಗುವ ಗುರುತಿನ ಸಂಖ್ಯೆಗಳನ್ನು) ಅಂತರ್ಜಾಲದ ಪುಸ್ತಕಸೂಚಿಗಳಾದ ಓಪನ್ ಲೈಬ್ರರಿಗೂ ಗೂಗಲ್ ಬುಕ್ಸ್‌ಗೂ ಕಳಿಸಿದಾಗ ನೂರಹತ್ತಕ್ಕಷ್ಟೇ ಉತ್ತರ ಬಂದಿತು. 2007ಕ್ಕಿಂತ ಹಿಂದಿನ ಹತ್ತಂಕಿಯ ಸಂಖ್ಯೆಗಳಿಗೆ ನಾನು ಮುಂದೆ 978 ಸೇರಿಸಿದ್ದೆ, ಸಂಖ್ಯೆ ಸರಿಯಿದೆಯೇ ಎಂದು ತಿಳಿಸುವ ಕೊನೆಯ ಪರೀಕ್ಷಾ ಅಂಕಿಯನ್ನು ಮತ್ತೆ ಲೆಕ್ಕ ಹಾಕಿರಲಿಲ್ಲ. ಅದರಿಂದ ಎರಡು ದಿನ ವ್ಯರ್ಥವಾದವು. ಸಣ್ಣ ಪ್ರಕಾಶಕರೊಬ್ಬರು ಎರಡು ಪುಸ್ತಕಗಳಿಗೆ ಒಂದೇ ಸಂಖ್ಯೆ ಅಚ್ಚು ಮಾಡಿದ್ದರಿಂದ, ಕವನಸಂಕಲನವೊಂದು ಅಡುಗೆ ಪುಸ್ತಕದ ವಿವರದೊಂದಿಗೆ ಸೂಚಿಗೆ ಸೇರಿತ್ತು. ಅಂದಿನಿಂದ ಶೀರ್ಷಿಕೆ ತಾಳೆಯಾಗದ ಯಾವ ದಾಖಲೆಯನ್ನೂ ನಾನು ಒಪ್ಪುವುದಿಲ್ಲ.

ಸಂಖ್ಯೆಯೇ ಇಲ್ಲದ ಹಳೆಯ ಪುಸ್ತಕಗಳು ನಮ್ಮಲ್ಲಿ ಅರ್ಧದಷ್ಟಿವೆ. ಅವುಗಳಿಗಾಗಿ, ಬೇರೆ ಗ್ರಂಥಾಲಯಗಳ ಸೂಚಿಯನ್ನು ದೂರದಿಂದಲೇ ಹುಡುಕಲು ನೆರವಾಗುವ ಝಡ್39.50 ಎಂಬ ವ್ಯವಸ್ಥೆಯ ಮೂಲಕ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸನ್ನು ಕೇಳಿದೆ. ಅದರ ದೆಹಲಿ ಕಚೇರಿ ದಶಕಗಳಿಂದ ಕನ್ನಡ ಪುಸ್ತಕಗಳನ್ನು ಸಂಗ್ರಹಿಸುತ್ತ ಬಂದಿದೆ. ಮೂರು ವಾರ ಏನೂ ಸಿಗಲಿಲ್ಲ. ಕೊನೆಗೆ, ಕನ್ನಡವನ್ನು ರೋಮನ್ ಅಕ್ಷರಗಳಲ್ಲಿ ಬರೆಯಲು ಅವರು ಬಳಸುವ ಲಿಪ್ಯಂತರದ ಕೋಷ್ಟಕ ತೆರೆದು ನೋಡಿದಾಗ ಕಾರಣ ತಿಳಿಯಿತು. ಅಲ್ಲಿ ಚಕಾರಕ್ಕೆ ಬರಿಯ ‘ಸಿ’ ಅಕ್ಷರ, ಛಕಾರಕ್ಕೆ ‘ಸಿ-ಎಚ್’. ಆದ್ದರಿಂದ ಚಿತ್ತಾಲರನ್ನು ನಾವು ರೂಢಿಯಲ್ಲಿ ಬರೆಯುವ ಇಂಗ್ಲಿಷ್ ಕಾಗುಣಿತದಿಂದ ಹುಡುಕಿದರೆ ಸಿಗುವುದಿಲ್ಲ. ಆ ಕೋಷ್ಟಕದಂತೆ ಕನ್ನಡವನ್ನು ರೋಮನ್‌ಗೆ ತಂದು ಕೇಳಿದ ದಿನವೇ ಎಂಬತ್ತಕ್ಕೂ ಹೆಚ್ಚು ದಾಖಲೆಗಳು ಇಳಿದವು.

ಒಂದೇ ಕೃತಿಯ ಬೇರೆ ಬೇರೆ ಆವೃತ್ತಿಗಳನ್ನು ಕೂಡಿಸುವುದು ಇದಕ್ಕಿಂತ ಕಠಿಣವಾಗಿತ್ತು. ಓಪನ್ ಲೈಬ್ರರಿಯಲ್ಲಿ ಕೃತಿಗೊಂದು, ಆವೃತ್ತಿಗೊಂದು ಗುರುತು ಇರುತ್ತದೆ. ಆದರೆ ಶೀರ್ಷಿಕೆಯ ಕಾಗುಣಿತ ಬದಲಾದರೆ ಒಂದೇ ಕಾದಂಬರಿ ಎರಡು ಕೃತಿಗಳಾಗಿ ನಿಲ್ಲಬಹುದು. ನಾನು ರೋಮನ್ ಅಕ್ಷರಗಳ ಮೇಲಿನ, ಕೆಳಗಿನ ಚಿಹ್ನೆಗಳನ್ನೆಲ್ಲ ತೆಗೆದು, ದೀರ್ಘವನ್ನು ಹ್ರಸ್ವ ಮಾಡಿ, ಒತ್ತಕ್ಷರಗಳನ್ನು ಸರಳಗೊಳಿಸಿ, ಲೇಖಕ ಮತ್ತು ಶೀರ್ಷಿಕೆಯಿಂದ ಒಂದು ಕೀಲಿಪದ ಕಟ್ಟಿದೆ; ಕೀಲಿಪದ ಒಂದೇ ಆದರೆ ಕೃತಿಯೂ ಒಂದೇ ಎಂದು ಲೆಕ್ಕ. ಲೇಖಕರ ಇನಿಷಿಯಲ್‌ಗಳನ್ನು ಹೇಗೆ ನಿಭಾಯಿಸಿದೆ ಎಂಬುದನ್ನು ಸದ್ಯಕ್ಕೆ ನನ್ನಲ್ಲಿಯೇ ಇಟ್ಟುಕೊಳ್ಳುತ್ತೇನೆ. ಅದಕ್ಕೆ ಒಂದು ತಿಂಗಳ ರಾತ್ರಿಗಳನ್ನು ಕೊಟ್ಟಿದ್ದೇನೆ.

ಕಾರವಾರದಿಂದ ದಾನವಾಗಿ ಬಂದ ಇನ್ನೂರು ಮರಾಠಿ ಪುಸ್ತಕಗಳ ಮೇಲೂ ಇದನ್ನು ಪ್ರಯೋಗಿಸಿದೆ. ಮರಾಠಿಯಲ್ಲಿ ಹ್ರಸ್ವ ಎಕಾರವಿಲ್ಲದ ಕಾರಣ ಅದರ ಲಿಪ್ಯಂತರದಲ್ಲಿ ಏಕಾರಕ್ಕೆ ದೀರ್ಘದ ಗೆರೆ ಹಾಕುವುದಿಲ್ಲ. ಚಿಹ್ನೆಗಳನ್ನು ತೆಗೆದಿದ್ದರಿಂದ ಅದೂ ಅಡ್ಡಿಯಾಗಲಿಲ್ಲ.

ಒಟ್ಟಿನಲ್ಲಿ 3,900ರ ಆಸುಪಾಸು ಪುಸ್ತಕಗಳ ವಿವರ ತಾನಾಗಿ ಬಂದಿತು, ಉಳಿದುದನ್ನು ನಾನೇ ಬೆರಳಚ್ಚು ಮಾಡಿದೆ. ಕೈಕೊಟ್ಟಿದ್ದು ಯಕ್ಷಗಾನ ಪ್ರಸಂಗಗಳ ಕಿರುಪುಸ್ತಕಗಳಲ್ಲಿ. ಒಂದೇ ಕಥೆಗೆ ಬೇರೆ ಬೇರೆ ಕವಿಗಳ ಪ್ರಸಂಗಗಳಿದ್ದು, ಹಲವಕ್ಕೆ ಕವಿಯ ಹೆಸರೂ ಇಸವಿಯೂ ಇಲ್ಲದ್ದರಿಂದ ನನ್ನ ಕೀಲಿಪದ ಎಲ್ಲವನ್ನೂ ಒಂದಾಗಿಸಿತು. ಈಗ ಅವುಗಳ ಮೊದಲ ಪದ್ಯದ ಆರಂಭದ ಸಾಲನ್ನು ಕೀಲಿಗೆ ಸೇರಿಸಿ ನೋಡುತ್ತಿದ್ದೇನೆ. ನಲವತ್ತರಲ್ಲಿ ಮೂವತ್ತೊಂದು ಸರಿಯಾಗಿ ಬೇರ್ಪಟ್ಟಿವೆ.