ನಿಂತರೆ ಎದೆ ಡವಗುಟ್ಟುವ ಪಾಟ್ಸ್: ನನ್ನ ಅನುಭವ

ನನಗೆ ಪಾಟ್ಸ್ (POTS) ಇದೆ, ಅಂದರೆ ಎದ್ದು ನಿಂತಾಗ ನಾಡಿ ವಿಪರೀತ ಏರುವ ತೊಂದರೆ. ಮಲಗಿದ್ದಾಗ ನಾಡಿ ನಿಮಿಷಕ್ಕೆ 74. ಎದ್ದು ನಿಂತರೆ ಐದಾರು ನಿಮಿಷದಲ್ಲಿ 120 ದಾಟುತ್ತದೆ. ತಲೆ ಸುತ್ತುತ್ತದೆ, ಕೈ ನಡುಗುತ್ತದೆ. ಬಿಪಿ ಮಾತ್ರ ಇಳಿಯುವುದಿಲ್ಲ. ಧಾರವಾಡದಲ್ಲಿ ತೋರಿಸಿದ ಕಡೆಯೆಲ್ಲ ಕೂರಿಸಿಯೇ ನೋಡಿದರು. ಇಸಿಜಿ, ಥೈರಾಯ್ಡ್, ಹಿಮೋಗ್ಲೋಬಿನ್ ಎಲ್ಲಾ ಸರಿ. "ಟೆನ್ಶನ್ ಮಾಡ್ಕೋಬ್ಯಾಡ್ರಿ" ಅಂದರು. ಕೂತಾಗ ನೋಡಿದರೆ ಎಲ್ಲಾ ಸರಿಯೇ ಇರುತ್ತದೆ, ಅಲ್ವಾ?

ನಿಂತು ಅಳೆದಾಗಲೇ ದಾರಿ ಸಿಕ್ಕಿತು. ಹತ್ತು ನಿಮಿಷ ಮಲಗಿ ನಾಡಿ, ಬಿಪಿ ನೋಡಿದೆವು. ಆಮೇಲೆ ಹಿಮ್ಮಡಿ ಅರ್ಧ ಅಡಿ ಮುಂದಿಟ್ಟು, ಗೋಡೆಗೆ ಒರಗಿ, ಕಾಲು ಅಲುಗಿಸದೆ ಹತ್ತು ನಿಮಿಷ ನಿಂತೆ. ಮಗ ಪಕ್ಕದಲ್ಲೇ ನಿಂತು ಪ್ರತಿ ನಿಮಿಷ ಬರೆದುಕೊಂಡ. ಒಬ್ಬರೇ ಮಾಡಬೇಡಿ, ಬೀಳಬಹುದು. ಬಿಪಿ ಬೀಳದೆ ನಾಡಿ ಮಲಗಿದ್ದಾಗಿಗಿಂತ ನಿಮಿಷಕ್ಕೆ 30 ಬಡಿತ ಅಥವಾ ಅದಕ್ಕಿಂತ ಜಾಸ್ತಿ ಏರಿದರೆ, ತೊಂದರೆ ಮೂರು ತಿಂಗಳಿಂದ ಇದ್ದರೆ, ವೈದ್ಯರು ಪಾಟ್ಸ್ ಇರಬಹುದೇ ಎಂದು ನೋಡುತ್ತಾರೆ. ಹದಿಹರೆಯದವರಿಗೆ ಆ ಏರಿಕೆ 40 ಇರಬೇಕು. ಆ ಹಾಳೆ ಹಿಡಿದು ಹುಬ್ಬಳ್ಳಿಯ ಹೃದಯ ತಜ್ಞರ ಹತ್ತಿರ ಹೋದೆ. ಅವರೂ ನಿಲ್ಲಿಸಿ ಅಳೆದರು. "ಇದು ಟೆನ್ಶನ್ ಅಲ್ರಿ. ನಿಂತಾಗ ರಕ್ತ ಕಾಲಾಗ, ಹೊಟ್ಯಾಗ ಇಳಕೊಂಡು ನಿಲ್ತೈತಿ. ಮ್ಯಾಲೆ ಮುಟ್ಟಸಾಕ ಹೃದಯ ಜೋರಾಗಿ ಬಡಕೋತೈತಿ" ಅಂದರು. ನನಗೆ ಕಣ್ಣೀರೇ ಬಂತು.

ಈಗ ಹಾಸಿಗೆಯಲ್ಲೇ ಎರಡು ಲೋಟ ನೀರು ಕುಡಿದು, ಕಾಲು ಇಳಿಬಿಟ್ಟು ಸ್ವಲ್ಪ ಕೂತು, ಆಮೇಲೆ ಏಳುತ್ತೇನೆ. ದಿನಕ್ಕೆ ಎರಡೂವರೆ ಲೀಟರಿಗೆ ಕಡಿಮೆ ಆಗಬಾರದು. ಉಪ್ಪೂ ಜಾಸ್ತಿ ಬೇಕು. ನಮ್ಮ ಕಡೆ ಅದೇನು ಕಷ್ಟವಲ್ಲ, ಉಪ್ಪು ಹಾಕಿದ ಮಜ್ಜಿಗೆ, ಜೋಳದ ಅಂಬಲಿ, ಉಪ್ಪಿನಕಾಯಿ ಇದ್ದೇ ಇರುತ್ತವೆ. ಆದರೆ ಬಿಪಿ ಜಾಸ್ತಿ ಇರುವವರು, ಕಿಡ್ನಿ ತೊಂದರೆ ಇರುವವರು ಹೀಗೆ ಉಪ್ಪು ತಿಂದರೆ ಅಪಾಯ. ವೈದ್ಯರನ್ನು ಕೇಳದೆ ಶುರು ಮಾಡಬೇಡಿ.

ನನಗೆ ತುಂಬಾ ಕಷ್ಟವಾಗಿದ್ದು ರೊಟ್ಟಿ ಮಾಡುವುದು. ಬಿಸಿಗೂ ಈ ತೊಂದರೆ ಹೆಚ್ಚುತ್ತದೆ, ಅಲ್ಲಿ ಒಲೆಯ ಕಾವಿನ ಮುಂದೆಯೇ ನಿಲ್ಲಬೇಕು. ಈಗ ನಾನು ಕೂತು ಬಡಿಯುತ್ತೇನೆ, ಅತ್ತೆಯವರು ನಿಂತು ಬೇಯಿಸುತ್ತಾರೆ. ಅವರಾಗಿಯೇ ಹೇಳಿದ್ದು ಅದು. ಕೆಲಸ ಮಾಡುವ ಶಾಲೆಯಲ್ಲೂ ಪ್ರಾರ್ಥನೆಗೆ ಕುರ್ಚಿ ಹಾಕಿಸಿಕೊಳ್ಳುತ್ತೇನೆ. ಹುಬ್ಬಳ್ಳಿ-ಧಾರವಾಡ ನಡುವಿನ ಚಿಗರಿ ಬಸ್ಸಿನಲ್ಲಿ ಸೀಟು ಕೇಳುತ್ತೇನೆ, ಸಿಗದಿದ್ದರೆ ಕಾಲಿಗೆ ಕಾಲು ಹೆಣೆದು ತೊಡೆ ಬಿಗಿ ಹಿಡಿದು ನಿಲ್ಲುತ್ತೇನೆ. ಸೊಂಟದವರೆಗಿನ ಬಿಗಿ ಕಾಲುಚೀಲವೂ ಇದೆ. ಮೊಣಕಾಲವರೆಗಿನದು ನನಗೆ ಅಷ್ಟು ಉಪಯೋಗವಾಗಲಿಲ್ಲ.

ಮಾತ್ರೆ ಕಡಿಮೆ ಡೋಸಿನ ಪ್ರೊಪ್ರನೊಲಾಲ್, ನಾಡಿಯ ವೇಗ ತಗ್ಗಿಸುವಂಥದ್ದು. ಅಸ್ತಮಾ ಇದ್ದವರಿಗೆ ಅದು ಆಗುವುದಿಲ್ಲ.

ವ್ಯಾಯಾಮ ಶುರು ಮಾಡಿದ್ದು ಮಲಗಿಕೊಂಡೇ. ಚಾಪೆ ಮೇಲೆ ಕಾಲು ಎತ್ತಿ ಇಳಿಸುವುದು, ಆಮೇಲೆ ಒರಗಿ ಕೂತು ತುಳಿಯುವ ಸೈಕಲ್. ತಿಂಗಳುಗಟ್ಟಲೆ ಹಿಡಿಯಿತು. ಈಗ ಸಂಜೆ ಕೆಲಗೇರಿ ಕೆರೆ ಕಡೆ ಅರ್ಧ ಗಂಟೆ ನಡೆಯುತ್ತೇನೆ. ಏಪ್ರಿಲ್, ಮೇ ಬಿಸಿಲಿಗೆ ನಡಿಗೆ ಬಿಟ್ಟು ಮತ್ತೆ ಚಾಪೆ ವ್ಯಾಯಾಮ.